ಮೈದಾನದ ಬಾಡಿಗೆ

೧

ಈ ಕಥೆಯ ಮೊದಲ ವಾಕ್ಯದ ಸ್ಥಾನಕ್ಕೆ ಮೂರು ವಾಕ್ಯಗಳು ಅರ್ಜಿ ಹಾಕಿಕೊಂಡಿವೆ. ಮೂರನ್ನೂ ನಿಮ್ಮೆದುರಿಗೇ ಇಡುತ್ತೇನೆ. ಆಯ್ಕೆ ಸಮಿತಿಯಲ್ಲಿ ನಾನೊಬ್ಬನೇ ಇದ್ದರೆ ಪಕ್ಷಪಾತವಾದೀತು.

(ಅ) "ಚೆಂಡು ಗಾಳಿಯಲ್ಲಿತ್ತು." ಆಟದ ಕಥೆ ಹೀಗೆಯೇ ಆರಂಭವಾಗಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಆದರೆ ಈ ಕಥೆಯಲ್ಲಿ ಒಂದು ಗೋಲೂ ಬೀಳುವುದಿಲ್ಲ. ಹೀಗಿರುವಾಗ ಚೆಂಡನ್ನು ಮೇಲಕ್ಕೆ ಒದ್ದು ಆರಂಭಿಸುವುದು ಟಿಕೆಟ್ ಮಾರಿ ಗೇಟು ಹಾಕಿಕೊಂಡ ಹಾಗೆ.

(ಆ) "ತಂಡ ನಷ್ಟದಲ್ಲಿದೆಯೆಂದು ಮಾಲೀಕರೇ ಹೇಳಿದರು." ಖಚಿತವಾದ ವಾಕ್ಯ, ಸಣ್ಣದೊಂದು ಕುಟುಕೂ ಇದೆ. ಆದರೆ ಇದನ್ನು ಓದಿದ ಮರುಕ್ಷಣವೇ ನಿಮಗೊಬ್ಬ ಖಳ ಸಿಕ್ಕಿಬಿಡುತ್ತಾನೆ. ಖಳ ಸಿಕ್ಕ ಮೇಲೆ ದುಃಖಪಡುವ ಕೆಲಸ ಅರ್ಧ ಹಗುರಾಗುತ್ತದೆ. ನಿಮ್ಮನ್ನು ಅಷ್ಟು ಸಲೀಸಾಗಿ ಬಿಡುವ ಉದ್ದೇಶ ನನಗಿಲ್ಲ.

(ಇ) "ಕೀಪರ್ ಸುಳ್ಳು ಹೇಳುವವನಲ್ಲ." ಸಪ್ಪೆ ವಾಕ್ಯ. ಶಾಲೆಯವರು ಕೊಡುವ ನಡತೆ ಪ್ರಮಾಣಪತ್ರದ ಸಾಲಿನಂತಿದೆ. ಆದರೂ ಇದನ್ನೇ ಆರಿಸುತ್ತಿದ್ದೇನೆ. ಕಥೆಯ ಪೂರ್ತಿ ಭಾರ ಇದೇ ವಾಕ್ಯದ ಮೇಲೆ ಬೀಳಲಿದೆ, ಮತ್ತು ವಾಕ್ಯ ಕೊನೆಯವರೆಗೂ ಮುರಿಯುವುದಿಲ್ಲ. ಮುರಿಯುವುದು ಬೇರೆ.

ಸರಿ. ಕೀಪರ್ ಸುಳ್ಳು ಹೇಳುವವನಲ್ಲ.

೨

ಕೀಪರ್ ಎಂದರೆ ಫುಟ್‌ಬಾಲ್ ತಂಡವೊಂದರ ಗೋಲ್‌ಕೀಪರ್, ತಂಡದ ಅತ್ಯಂತ ಹಳೆಯ ಆಟಗಾರ. ಈ ಹೆಸರು ಅವನಿಗೆ ಎಷ್ಟರಮಟ್ಟಿಗೆ ಅಂಟಿಕೊಂಡಿದೆಯೆಂದರೆ, ಸಿಟ್ಟು ಬಂದಾಗ ಅವನ ಹೆಂಡತಿಯೂ "ರೀ ಕೀಪರ್ರೇ, ಸ್ವಲ್ಪ ಈ ಕಡೆ ನೋಡ್ತೀರಾ?" ಎನ್ನುತ್ತಾಳೆ. ಮೈದಾನದಲ್ಲಿ ಅವನ ಮುಂದೆ ನಿಂತು ಆಡುವ ಡಿಫೆಂಡರ್ ಈ ಹೆಂಡತಿಯ ಸ್ವಂತ ತಮ್ಮ. ಅಂದರೆ ಕೀಪರನ ಭಾಮೈದ. ಭಾಮೈದನನ್ನು ತಂಡಕ್ಕೆ ಸೇರಿಸಿದವನು ಕೀಪರ್ ಎಂದು ಜನ ತಿಳಿದಿದ್ದಾರೆ. ನಿಜದಲ್ಲಿ ಕೀಪರನನ್ನು ಮನೆಗೆ ಸೇರಿಸಿದವನು ಭಾಮೈದ. ಅಕ್ಕನಿಗೆ ಗಂಡು ಹುಡುಕುತ್ತಿದ್ದಾಗ ಅವನು, "ನಮ್ಮ ಟೀಮಲ್ಲೇ ಒಬ್ಬ ಇದಾನೆ. ಸುಳ್ಳು ಹೇಳೋಕೆ ಬರಲ್ಲ. ಅದೊಂದೇ ಐಬು" ಎಂದಿದ್ದನಂತೆ. ಅಂದಿನಿಂದ ಮನೆಯಲ್ಲಿ "ಭಾವ, ನೀವು"; ಮೈದಾನದಲ್ಲಿ "ಲೋ ಕೀಪರ್, ನೀನು."

ಆಟ ಗೊತ್ತಿಲ್ಲದವರಿಗೆ ಒಂದು ವಿವರಣೆ. ಚೆಂಡು ಎತ್ತರದಲ್ಲಿ ಗೋಲಿನ ಕಡೆ ಬರುವಾಗ ಡಿಫೆಂಡರನ ಬೆನ್ನು ಕೀಪರನಿಗಿರುತ್ತದೆ. ಚೆಂಡು ತನ್ನ ಕೈಗೆ ಎಟುಕುತ್ತದೆಂದು ಕಂಡರೆ ಕೀಪರ್ ಹಿಂದಿನಿಂದ "ಬಿಡು!" ಎಂದು ಕೂಗುತ್ತಾನೆ. ಕೂಗಿದಾಗ ಬಿಡಬೇಕು. ನಿಜವಾಗಿಯೂ ಅವನಿಗೆ ಎಟುಕುತ್ತದೆಯೇ ಎಂದು ತಿರುಗಿ ನೋಡಿದರೆ ಇಬ್ಬರೂ ಡಿಕ್ಕಿ ಹೊಡೆದು ಬೀಳುತ್ತಾರೆ, ಚೆಂಡು ಒಳಗೆ ಹೋಗುತ್ತದೆ. ಭಾಮೈದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅವನ ಎಡಮಂಡಿ ಸರಿಯಿರಲಿಲ್ಲ. ಅಭ್ಯಾಸದ ಮೊದಲು ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ಅದರ ಮೇಲೆ ಉದ್ದನೆಯ ಕಾಲುಚೀಲ ಎಳೆದುಕೊಂಡು ಬರುತ್ತಿದ್ದ. ತಂಡದಲ್ಲಿ ಇದು ಕೀಪರನೊಬ್ಬನಿಗೇ ಗೊತ್ತಿತ್ತು.

(ಇಲ್ಲಿ ಭಾಮೈದ ನನ್ನನ್ನು ತಡೆದ: "ಏನ್ರೀ ಇದು, ಬಂದಿದ್ದೇ ತಡ ಮಂಡಿ ತೋರಿಸ್ತೀರಾ? ನಾನೂ ಒಬ್ಬ ಮನುಷ್ಯ ಅಲ್ವಾ? ಹಾಡ್ತೀನಿ, ಇಸ್ಪೀಟಲ್ಲಿ ಮೋಸ ಮಾಡ್ತೀನಿ, ಅಕ್ಕನ ಹತ್ರ ಬೈಸ್ಕೊತೀನಿ. ಅದನ್ನೂ ಬರೀರಿ." ಬರೆದಿದ್ದೇನೆ. ಅವನು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ.)

೩

ಒಪ್ಪಂದ ಮುಗಿಯುವ ವರ್ಷ. ಮಾಲೀಕರು ಹೊಸ ಕರಡಿನಲ್ಲಿ ಒಂದೇ ಒಂದು ಕಲಮನ್ನು ತೆಗೆಯಬೇಕೆಂದು ಹೇಳಿದರು. ಗಾಯಗೊಂಡ ಆಟಗಾರನಿಗೆ, ಅವನು ವಾಸಿಯಾಗಿ ಮೈದಾನಕ್ಕೆ ಮರಳುವವರೆಗೂ ಪೂರ್ತಿ ಸಂಬಳ ಸಿಗಬೇಕು ಎಂಬ ಕಲಮು ಅದು. ಆಟಗಾರರು ಅದನ್ನು "ಗಾಯದ ಕಲಮು" ಎನ್ನುತ್ತಿದ್ದರು. ಮಾಲೀಕರ ವಾದ: ತಂಡ ನಷ್ಟದಲ್ಲಿದೆ, ಆ ಕಲಮು ಇದ್ದರೆ ತಂಡವೇ ಇರುವುದಿಲ್ಲ. ಆಟಗಾರರ ವಾದ: ನಷ್ಟವಿದ್ದರೆ ಲೆಕ್ಕ ತೋರಿಸಿ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಭೆ ಸೇರಿತು. ಬೆಂಚುಗಳ ಮೇಲೆ ಒದ್ದೆ ಟವೆಲ್‌ಗಳು. ಯಾರದೋ ಬೂಟಿನಿಂದ ಮಣ್ಣು ಉದುರುತ್ತಿತ್ತು.

"ಲೆಕ್ಕ ತೋರಿಸ್ತಾರಂತೆ," ಎಂದ ಆಟಗಾರರ ಸಂಘದ ಕಾರ್ಯದರ್ಶಿ. "ಆದ್ರೆ ಒಬ್ಬನಿಗೇ. ವಕೀಲರು ಬೇಡ, ಹೊರಗಿನ ಆಡಿಟರ್ ಬೇಡ, ನಿಮ್ಮ ಪೈಕಿ ಒಬ್ಬ ಆಟಗಾರ ಬರಲಿ ಅಂತಾರೆ. ಕೂತು ಓದ್ಬಹುದು, ಬರ್ಕೊಳ್ಳೋ ಹಾಗಿಲ್ಲ. ಹೊರಗೆ ಬಂದು ನಷ್ಟ ಇದೆ ಅಥವಾ ಇಲ್ಲ, ಇಷ್ಟೇ ಹೇಳ್ಬೇಕು. ಒಳಗಿನ ಒಂದು ಅಂಕಿ ಬಾಯಿಬಿಟ್ರೂ ಇಡೀ ಸಂಘದ ಮೇಲೆ ಕೇಸು."

"ನಾನು ಹೋಗ್ತೀನಿ," ಎಂದವನು ಚಿಲ್ಲರೆ. ಬಲಬದಿಯಲ್ಲಿ ಓಡುವ ಈ ಆಟಗಾರ ಕ್ಯಾಂಟೀನಿನಲ್ಲಿ ಕೊಟ್ಟ ಚಿಲ್ಲರೆಯನ್ನು ಎರಡೆರಡು ಸಲ ಎಣಿಸುತ್ತಿದ್ದ, ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ; ಹೀಗಾಗಿ ಆ ಹೆಸರು.

ಕೋಣೆಯಲ್ಲಿ ನಗು ಎದ್ದಿತು.

"ನೀನು ಹೋದ್ರೆ ಅವರ ಕುರ್ಚಿಗೆ ಕಾಲೆಷ್ಟು ಅಂತ ಎಣಿಸ್ಕೊಂಡು ಬರ್ತೀಯ!"

"ನೀನು ಬಂದು ನಷ್ಟ ಇಲ್ಲ ಅಂದ್ರೆ ಮಾಲೀಕರು ನಂಬಲ್ಲ. ಇದೆ ಅಂದ್ರೆ ನಿನ್ನನ್ನ ನೀನೇ ನಂಬಲ್ಲ!"

ಭಾಮೈದ ಎದ್ದು ನಿಂತ. "ಕೀಪರ್ ಹೋಗ್ಲಿ. ಅವನು ಬಂದು ಏನು ಹೇಳ್ತಾನೋ ಅದಕ್ಕೆ ನಂದು ಒಪ್ಪಿಗೆ. ಓದೋದಕ್ಕೂ ಮುಂಚೆನೇ ಒಪ್ಪಿಗೆ."

ಎಲ್ಲರೂ ಬೆಂಚು ತಟ್ಟಿದರು. ಚಿಲ್ಲರೆಯೂ ತಟ್ಟಿದ.

(ಓದುಗರೇ, ಈ ಸಭೆಯಲ್ಲಿ ಆದ ತಪ್ಪನ್ನು ಗುರುತಿಸಿದಿರಾ? ಆಟದಲ್ಲಿ ಜೀವ ಸವೆಸಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಲೆಕ್ಕ ನೋಡಲು ಅನುಮಾನದ ಮನುಷ್ಯ ಬೇಕಿತ್ತು. ಅವರು ನಂಬಿಕೆಯ ಮನುಷ್ಯನನ್ನು ಕಳುಹಿಸಿದರು.)

೪

(ನಾಲ್ಕನೆಯ ಭಾಗವನ್ನು ಹರಿದುಹಾಕಿದ್ದೇನೆ. ಅದರಲ್ಲಿ ಮಾಲೀಕರ ಬಾಲ್ಯವಿತ್ತು. ಓದಿದ್ದರೆ ನಿಮಗೆ ಅವರ ಮೇಲೆ ಕನಿಕರ ಹುಟ್ಟುತ್ತಿತ್ತು. ಕನಿಕರವನ್ನು ಸದ್ಯ ಉಳಿಸಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

೫

ಕಚೇರಿಯ ಮೇಲ್ಮಹಡಿಯ ಒಂದು ಕೋಣೆ. ಬಾಗಿಲ ಗಾಜಿಗೆ ಹೊರಗಿನವರ ನೆರಳು ಮಾತ್ರ ಕಾಣುವಂತೆ ಬಿಳಿ ಹಾಳೆ ಅಂಟಿಸಿದ್ದರು. ಫೋನನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ಮೇಜು, ಎರಡು ಕುರ್ಚಿ, ನೀರಿನ ಜಗ್ಗು, ಬೈಂಡು ಮಾಡಿದ ಕಾಗದಗಳ ಒಂದು ರಾಶಿ. ರಾಶಿಯ ಆಚೆ, ಮಾಲೀಕರ ಪರವಾಗಿ ಲೆಕ್ಕ ನೋಡುವ ಕನ್ನಡಕದ ಹೆಂಗಸೊಬ್ಬಳು ಕುಳಿತಿದ್ದಳು. ಎಲ್ಲರೂ ಅವಳನ್ನು ಆಡಿಟರ್ ಮೇಡಂ ಎನ್ನುತ್ತಿದ್ದರು.

"ನಾನು ಪಾಲಿಸಬೇಕಾದ ನಿಯಮ ಒಂದಿದೆ, ಮೊದಲೇ ಹೇಳಿಬಿಡ್ತೀನಿ," ಎಂದಳು. "ನೀವು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳ್ಬೇಕು. ನೀವು ಕೇಳದೆ ಇದ್ದದ್ದನ್ನ ನಾನಾಗಿ ಹೇಳೋ ಹಾಗಿಲ್ಲ. ಸಹಿ ಮಾಡಿಸ್ಕೊಂಡಿದ್ದಾರೆ."

"ನನ್ನ ಹತ್ರಾನೂ ಮಾಡಿಸ್ಕೊಂಡ್ರು ಮೇಡಂ," ಎಂದ ಕೀಪರ್. ಇಬ್ಬರೂ ಸಹಿ ಮಾಡಿದವರೆಂಬ ಸಮಾಧಾನ ಅವನ ದನಿಯಲ್ಲಿತ್ತು.

ಅವನು ಶ್ರದ್ಧೆಯಿಂದ ಓದಿದ. ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು, ತುಟಿ ಅಲುಗಿಸುತ್ತ ಓದಿದ. ತನಗೆ ಗೊತ್ತಿದ್ದ ಪ್ರತಿಯೊಂದು ಖರ್ಚಿನ ಬಗ್ಗೆಯೂ ಕೇಳಿದ.

"ಬಸ್ಸಿಗೆ ಇಷ್ಟೊಂದು ಯಾಕೆ ಮೇಡಂ?"

"ಎಂಜಿನ್ ಇಳಿಸಿ ರಿಪೇರಿ ಮಾಡಿಸಿದ್ದಾರೆ. ರಸೀದಿ ಇದೆ, ನೋಡ್ತೀರಾ?"

"ಇಲ್ಲ, ನಂಗೊತ್ತು. ದಾರೀಲಿ ಕೆಟ್ಟು ನಿಂತಾಗ ನಾವೇ ತಳ್ಳಿದ್ದು. ಮತ್ತೆ ಇದು, ಬಟ್ಟೆ ಒಗೆಯೋದಕ್ಕೆ?"

"ಹೊಸ ಮೆಷಿನ್ ತಗೊಂಡ್ರು."

"ಹೌದೌದು. ಹಳೇದು ಅಂಗಿ ಹರೀತಿತ್ತು. ಇಷ್ಟೊಂದು ಬ್ಯಾಂಡೇಜಾ?" ಅವನಿಗೆ ನಗು ಬಂತು. "ಇದರಲ್ಲಿ ಅರ್ಧ ನನ್ನ ಭಾಮೈದಂದೇ ಇರ್ಬೇಕು."

ಅವಳೂ ಇನ್ನೇನು ನಗಬೇಕು ಎನ್ನುವಷ್ಟರಲ್ಲಿ ತಡೆದುಕೊಂಡಳು.

ಅವನ ಬೆರಳು ಎಲ್ಲಕ್ಕಿಂತ ದೊಡ್ಡ ಅಂಕಿಯ ಮೇಲೆ ಬಂತು. ಅದರ ಎದುರಿಗೆ "ಮೈದಾನದ ಬಾಡಿಗೆ" ಎಂದು ಅಚ್ಚಾಗಿತ್ತು. (ಅಂಕಿ ಎಷ್ಟೆಂದು ನಾನೂ ಹೇಳುವುದಿಲ್ಲ. ಅವನು ಸಹಿ ಮಾಡಿದ ಕಾಗದಕ್ಕೆ ನಾನೂ ಬದ್ಧ.) ಬೆರಳು ಒಂದು ಕ್ಷಣ ನಿಂತಿತು. ಪೆನ್ನಿಗೆ ಕ್ಯಾಪು ಹಾಕುತ್ತಿದ್ದ ಆಡಿಟರ್ ಮೇಡಂ ಕೈ ತಡೆದಳು.

ಕೀಪರನಿಗೆ ಆ ಅಂಕಿ ಹೆಚ್ಚೆನಿಸಲಿಲ್ಲ. ಹುಲ್ಲು, ನೀರು, ದೀಪ. ಮೈದಾನಕ್ಕೆ ಖರ್ಚು ಇದ್ದದ್ದೇ. ಅಷ್ಟೇ ಅಲ್ಲ, ಮೈದಾನಕ್ಕಾಗಿ ಇಷ್ಟು ಖರ್ಚು ಮಾಡುತ್ತಾರಲ್ಲ ಎಂದು ಒಳಗೊಳಗೇ ಸಂತೋಷವೂ ಆಯಿತು. ಯೌವನವನ್ನೆಲ್ಲ ಆ ನೆಲದ ಮೇಲೆ ಬಿದ್ದು, ಎದ್ದು, ಅದರ ಮಣ್ಣನ್ನು ಉಗುರಿನ ಸಂದಿಯಲ್ಲಿ ಮನೆಗೆ ಒಯ್ದವನು ಅವನು. ಅದು ಯಾರ ಸ್ವತ್ತು ಎಂಬ ಪ್ರಶ್ನೆ ಅವನಿಗೆ ಹೊಳೆಯುವುದು, ತಾಯಿಯ ಮಡಿಲು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬ ಪ್ರಶ್ನೆ ಹೊಳೆದಂತೆ. (ಈ ಉಪಮೆಯನ್ನು ಎರಡು ಸಲ ಹೊಡೆದುಹಾಕಿದೆ. ಮೂರನೆಯ ಸಲ ನನ್ನಿಂದಾಗಲಿಲ್ಲ.)

ಬೆರಳು ಕೆಳಗಿನ ಸಾಲಿಗೆ ಇಳಿಯಿತು.

"ಬೇರೇನಾದ್ರೂ ಕೇಳೋದಿದ್ಯಾ?" ಎಂದಳು ಆಡಿಟರ್ ಮೇಡಂ.

"ಇಲ್ಲ ಮೇಡಂ. ಎಲ್ಲಾ ಸರಿಯಾಗಿದೆ."

ಅವಳು ಅವನ ಲೋಟಕ್ಕೆ ನೀರು ಹಾಕಿದಳು. "ನಿಧಾನಕ್ಕೆ ನೋಡಿ. ದೊಡ್ಡ ದೊಡ್ಡ ಖರ್ಚಿನ ಬಗ್ಗೆ ಏನಾದ್ರೂ ಕೇಳೋದಿದ್ರೆ..."

"ಬಸ್ಸಿಂದು ಕೇಳಿದ್ನಲ್ಲ. ನಿಮಗೂ ಹೊತ್ತಾಯ್ತು."

"ನನಗೇನೂ ಹೊತ್ತಾಗಿಲ್ಲ. ಏನೂ ಕೇಳೋದಿಲ್ವಾ?"

ಎಂಥ ಸೌಜನ್ಯದ ಹೆಂಗಸು ಎಂದುಕೊಂಡ ಕೀಪರ್. ಎದ್ದು ನಿಂತು ಎರಡೂ ಕೈ ಜೋಡಿಸಿದ. "ಇಷ್ಟು ತಾಳ್ಮೆಯಿಂದ ಯಾರೂ ಹೇಳ್ಕೊಡಲ್ಲ ಮೇಡಂ."

ಅವಳು ಪೆನ್ನಿಗೆ ಕ್ಯಾಪು ಹಾಕಿದಳು.

(ಶೀರ್ಷಿಕೆ ಓದಿಕೊಂಡು ಬಂದ ನಿಮಗೆ ಇಷ್ಟರಲ್ಲಿ ಏನೋ ಅನುಮಾನ ಹುಟ್ಟಿರಬಹುದು, ಅವನ ಮೇಲೆ ಸ್ವಲ್ಪ ಸಿಟ್ಟೂ ಬಂದಿರಬಹುದು. ದಯವಿಟ್ಟು ನೆನಪಿಡಿ: ಅವನ ಬದುಕಿಗೆ ಯಾರೂ ಶೀರ್ಷಿಕೆ ಕೊಟ್ಟಿರಲಿಲ್ಲ.)

೬

"ನಷ್ಟ ನಿಜ," ಎಂದ ಕೀಪರ್.

ಅದೇ ಕೋಣೆ, ಅವೇ ಬೆಂಚುಗಳು.

"ಎಷ್ಟು?" ಎಂದ ಚಿಲ್ಲರೆ.

"ಹೇಳೋ ಹಾಗಿಲ್ಲ."

"ಯಾವುದರಿಂದ?"

"ಹೇಳೋ ಹಾಗಿಲ್ಲ ಕಣೋ. ನಿಜ ಅಂತ ಹೇಳ್ತಿದೀನಲ್ಲ."

ಗಾಯದ ಕಲಮನ್ನು ಬಿಟ್ಟುಕೊಡುವುದೆಂದರೆ ಏನೆಂದು ಅಲ್ಲಿದ್ದ ಪ್ರತಿಯೊಂದು ಮೂಳೆಗೂ ಗೊತ್ತಿತ್ತು. ಕೀಪರ್ ಯಾರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದ. ಅವನ ಕಣ್ಣು ಅವನಿಗೇ ತಿಳಿಯದಂತೆ ಉದ್ದನೆಯ ಕಾಲುಚೀಲವೊಂದರ ಮೇಲೆ ನೆಟ್ಟಿತ್ತು.

ಆ ಕಾಲುಚೀಲದವನೇ ಮೊದಲು ಕೈ ಎತ್ತಿದ. "ಏನ್ರೋ ಎಲ್ಲಾ ಸಾವಿನ ಮನೆಯವರ ಥರ ಕೂತಿದೀರ? ಕೀಪರ್ ಬಿಡು ಅಂದ್ರೆ ಬಿಡೋದು. ನಾನು ಬಿಟ್ಟೆ."

ಒಂದೊಂದಾಗಿ ಕೈಗಳು ಮೇಲೆದ್ದವು. ಕಟ್ಟಕಡೆಗೆ ಚಿಲ್ಲರೆಯದೂ.

೭

ಮಂಡಿ ಹೋದದ್ದು ಯಾವುದೇ ದೊಡ್ಡ ಪಂದ್ಯದಲ್ಲಲ್ಲ. (ದೊಡ್ಡ ಪಂದ್ಯದಲ್ಲಿ ಹೋಗಿದ್ದರೆ ನನಗೆ ಬರೆಯಲು ಅನುಕೂಲವಾಗುತ್ತಿತ್ತು.) ಅಭ್ಯಾಸದ ಬೆಳಿಗ್ಗೆ, ಎದುರಾಳಿ ಯಾರೂ ಇಲ್ಲದಾಗ, ಭಾಮೈದ ಸುಮ್ಮನೆ ತಿರುಗಿದ. ಕಾಲು ನೆಲದಲ್ಲೇ ಉಳಿಯಿತು, ದೇಹ ಮಾತ್ರ ತಿರುಗಿತು. ಒಣಕಡ್ಡಿ ಮುರಿದಂಥ ಸದ್ದು ಗೋಲಿನ ಬಳಿ ನಿಂತ ಕೀಪರನಿಗೂ ಕೇಳಿಸಿತು.

ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ನಡೆಯಬಹುದು ಎಂದರು ವೈದ್ಯರು. ಆಡುವುದರ ಬಗ್ಗೆ ಕೇಳಿದಾಗ ಎಕ್ಸ್‌ರೇಯನ್ನು ಲಕೋಟೆಗೆ ಹಾಕುತ್ತ, "ಮೊದಲು ನಡೀಲಿ" ಎಂದರು. ಹೊಸ ಒಪ್ಪಂದದಂತೆ ಸಂಬಳ ನಿಂತಿತು. ಕಚೇರಿಯಿಂದ ಹೂಗುಚ್ಛ ಬಂತು. ಭಾಮೈದನ ಹೆಂಡತಿ ಹಗಲು ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದವಳು ಸಂಜೆ ಇನ್ನೊಂದು ಕಡೆ ಕೆಲಸಕ್ಕೆ ಸೇರಿದಳು. ಕೀಪರನ ಹೆಂಡತಿ ದಿನವೂ ಬುತ್ತಿ ಕಟ್ಟಿಕೊಂಡು ತಮ್ಮನ ಮನೆಗೆ ಹೋಗಿ, ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದಳು.

ಇಲ್ಲಿಯವರೆಗೆ ಇದು ದುರದೃಷ್ಟದ ಕಥೆ. ದುರದೃಷ್ಟವಾದರೆ ಹೇಗೋ ನುಂಗಿಕೊಳ್ಳಬಹುದು.

ಒಂದು ಮಧ್ಯಾಹ್ನ ಮಾಲೀಕರು ಪತ್ರಿಕೆಯವರನ್ನೂ ಆಟಗಾರರನ್ನೂ ಸಭಾಂಗಣಕ್ಕೆ ಕರೆಸಿದರು. ವೇದಿಕೆಯ ಮೇಜಿನ ಮೇಲೆ ರಟ್ಟಿನ ಪುಟಾಣಿ ಕಟ್ಟಡಗಳಿದ್ದವು. ಅವುಗಳ ನಡುವೆ ಸ್ಪಂಜಿನ ಮರಗಳು, ಬೆರಳುದ್ದದ ಕಾರುಗಳು. ತಂಡ ಮುಂದಿನ ವರ್ಷದಿಂದ ಬೇರೊಂದು ಮೈದಾನದಲ್ಲಿ ಆಡಲಿದೆ, ಈಗಿನ ಮೈದಾನದಲ್ಲಿ ಮನೆಗಳು ಏಳಲಿವೆ ಎಂದರು ಮಾಲೀಕರು. "ನಮ್ಮ ಕುಟುಂಬದ ಜಾಗ ಇದು. ನನ್ನ ಹೆಂಡತಿಯ ಕಂಪನಿ ಇಷ್ಟು ವರ್ಷ ತಂಡಕ್ಕೆ ಬಾಡಿಗೆಗೆ ಕೊಟ್ಟಿತ್ತು," ಎಂದು ಅಭಿಮಾನದಿಂದಲೇ ಹೇಳಿದರು. ದನಿಯಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ.

ಮೊದಲ ಸಾಲಿನಲ್ಲಿ, ತಂಡದ ಕೋಟು ತೊಟ್ಟು ಕುಳಿತಿದ್ದ ಕೀಪರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಂಡಕ್ಕೆ ನಷ್ಟವಾಗಿತ್ತು, ನಿಜ. ನಷ್ಟವಾದದ್ದು ಆ ದೊಡ್ಡ ಅಂಕಿಯಿಂದ. ಆ ಅಂಕಿ ತಂಡದ ಕಿಸೆಯಿಂದ ಹೊರಟು ಮಾಲೀಕರ ಮನೆಯದೇ ಇನ್ನೊಂದು ಕಿಸೆಗೆ ಹೋಗಿ ಬೆಚ್ಚಗೆ ಕುಳಿತಿತ್ತು. ತಂಡ ಬಡವಾಗಿತ್ತು, ಮಾಲೀಕರು ಬಡವರಾಗಿರಲಿಲ್ಲ. ಅವನು ಹೇಳಿದ ಎರಡು ಪದಗಳು ಅಕ್ಷರಶಃ ಸತ್ಯವಾಗಿದ್ದವು.

ಹಿಂದಿನ ಸಾಲಿನಿಂದ ಚಿಲ್ಲರೆ ಬಾಗಿ ಕಿವಿಯ ಹತ್ತಿರ ಕೇಳಿದ: "ಬಾಡಿಗೆ ಎಷ್ಟಿತ್ತು, ಕೀಪರ್?"

ಅದನ್ನು ಈಗಲೂ ಹೇಳುವ ಹಾಗಿರಲಿಲ್ಲ.

ಸಭೆ ಮುಗಿದ ಮೇಲೆ ಅವನು ಮಾಲೀಕರ ಹತ್ತಿರ ಹೋದ. "ಸರ್, ಮೈದಾನ ನಿಮ್ಮದೇ ಅಂತ ನೀವು ಹೇಳ್ಲಿಲ್ಲ."

ಮಾಲೀಕರು ಅವನ ಹೆಗಲ ಮೇಲೆ ಕೈ ಹಾಕಿದರು. "ನೀವು ಕೇಳ್ಲಿಲ್ಲವಲ್ಲಪ್ಪ. ಕೇಳಿದ್ರೆ ಹೇಳ್ತಿದ್ವಿ. ಎಲ್ಲಾ ತೆರೆದಿಟ್ಟಿದ್ವಿ ತಾನೇ?"

ಅವರು ಹೇಳಿದ್ದೂ ನಿಜ. ಈ ಕಥೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಅದೇ ನನ್ನ ತಲೆನೋವು.

೮

ಕೀಪರ್ ನನ್ನ ಹತ್ತಿರ ಬಂದ. ಬಾಗಿಲು ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತ.

"ಒಂದು ಸಾಲು ಸೇರಿಸ್ಬೇಕಿತ್ತು," ಎಂದ. "ಐದನೇ ಭಾಗದಲ್ಲಿ. ಮೈದಾನ ಯಾರದು ಅಂತ ನಾನು ಕೇಳಿದೆ ಅಂತ."

ಪ್ರಯತ್ನಿಸಿದೆ. ಒಂದೇ ಒಂದು ಸಾಲು: "ಮೈದಾನ ಯಾರದು ಮೇಡಂ?" ಆಡಿಟರ್ ಮೇಡಂ ಎಷ್ಟೋ ಹೊತ್ತಿನಿಂದ ಕಟ್ಟಿಹಿಡಿದ ಉಸಿರನ್ನು ಬಿಟ್ಟು ಉತ್ತರ ಹೇಳಿದಳು. ಆದರೆ ಆ ಪ್ರಶ್ನೆ ಕೇಳಿದ ಕೀಪರ್ ನನಗೆ ಪರಿಚಯದವನಾಗಿರಲಿಲ್ಲ. ಅವನು ಬಸ್ಸಿನ ರಸೀದಿಯನ್ನೂ ಕೇಳಿ ನೋಡಿದ. ಆಡಿಟರ್ ಮೇಡಂ ನೀರು ಹಾಕಿದಾಗ ಯಾಕೆ ಹಾಕುತ್ತಿದ್ದಾಳೆ ಎಂದು ಯೋಚಿಸಿದ. ಪ್ರಯೋಗಾಲಯದಲ್ಲಾದರೆ ಒಂದು ಅಂಶವನ್ನಷ್ಟೇ ಬದಲಿಸಿ ಉಳಿದುದೆಲ್ಲವನ್ನೂ ಸ್ಥಿರವಾಗಿಡಬಹುದು. ಮನುಷ್ಯನಲ್ಲಿ ಹಾಗೆ ಆಗುವುದಿಲ್ಲ. ಆ ಪ್ರಶ್ನೆ ಕೇಳಬಲ್ಲವನನ್ನು ಬೆಂಚು ತಟ್ಟಿ ಯಾರೂ ಆರಿಸುತ್ತಿರಲಿಲ್ಲ. ಅವನು "ಬಿಡು" ಎಂದರೆ ಭಾಮೈದನೂ ಒಮ್ಮೆ ತಿರುಗಿ ನೋಡುತ್ತಿದ್ದನೇನೋ.

ಇದನ್ನೆಲ್ಲ ಕೀಪರನಿಗೆ ವಿವರಿಸಿದೆ. ವಿವರಣೆ ಕ್ರಮಬದ್ಧವಾಗಿತ್ತು ಎಂದು ನನ್ನ ಭಾವನೆ.

ಅವನು ಕೊನೆಯವರೆಗೂ ಕೇಳಿಸಿಕೊಂಡ. "ನಿಮಗೆ ಕಥೆ ಸರಿಹೋಗ್ಬೇಕು," ಎಂದ. "ನನಗೆ ಅವನ ಕಾಲು ಸರಿಹೋಗ್ಬೇಕು."

ಆ ಸಾಲನ್ನು ಹೊಡೆದುಹಾಕಿದೆ. ಅವನು ಚಪ್ಪಲಿ ಹಾಕಿಕೊಂಡು ಹೋದ.

೯

ಮುಕ್ತಾಯಗಳು. ಬರೆದವು, ಬಿಟ್ಟವು.

ಮೊದಲನೆಯದು. ಕೀಪರ್ ಸಹಿ ಮುರಿದು ಎಲ್ಲ ಅಂಕಿಗಳನ್ನೂ ಹೊರಗೆ ಹೇಳುತ್ತಾನೆ. ನ್ಯಾಯಾಲಯದಲ್ಲಿ ಸಂಘದ ವಕೀಲರು ಒಂದೂವರೆ ಪುಟ ಮಾತಾಡುತ್ತಾರೆ, ಗಾಯದ ಕಲಮು ವಾಪಸು ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬರೆದು ಮುಗಿಸಿದ ಮೇಲೆ ಗಮನಿಸಿದೆ: ಕಲಮು ಮುಂದೆ ಗಾಯಗೊಳ್ಳುವವರಿಗೆ. ಭಾಮೈದ ಆ ದೃಶ್ಯದಲ್ಲಿ ಎಲ್ಲೂ ಇರಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲಾಗದೆ ಹೊರಗೇ ಉಳಿದಿದ್ದ.

ಎರಡನೆಯದು. ಆಡಿಟರ್ ಮೇಡಂ ಕೆಲಸ ಬಿಟ್ಟು, ಕೀಪರನ ಮನೆಗೆ ಬಂದು ಕಣ್ಣೀರಿಡುತ್ತಾಳೆ. ಇದನ್ನು ಅವಳೇ ಒಪ್ಪಲಿಲ್ಲ. "ನನ್ನನ್ನ ಒಳ್ಳೆಯವಳು ಮಾಡ್ಬೇಡಿ," ಎಂದಳು. "ಬೇರೇನಾದ್ರೂ ಇದ್ಯಾ ಅಂತ ಮತ್ತೆ ಮತ್ತೆ ಕೇಳ್ದೆ, ನಿಜ. ಇನ್ನೊಂದೇ ಒಂದ್ಸಲ ಕೇಳಿದ್ರೆ ಅವರಿಗೆ ಹೊಳೀತಿತ್ತೇನೋ. ಅಷ್ಟಕ್ಕೇ ನಿಲ್ಲಿಸಿದವಳೂ ನಾನೇ. ಮನೇಲಿ ನನ್ನ ಸಂಬಳವನ್ನೇ ನಂಬ್ಕೊಂಡವರಿದ್ದಾರೆ. ಅದನ್ನ ಬರೀರಿ." ಬರೆದೆ.

ಮೂರನೆಯದು ಅಡುಗೆಮನೆಯಲ್ಲಿ ನಡೆಯುತ್ತದೆ. ಇದನ್ನು ನಾನು ಕಲ್ಪಿಸಲಿಲ್ಲ. ಕೀಪರನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಾಗ ನಡೆದುಹೋಯಿತು.

"ರೀ," ಎಂದಳು, ಬೆನ್ನು ಮಾಡಿಕೊಂಡೇ. "ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"

"ಇಲ್ಲ."

"ನಿಮ್ಮನ್ನ ಕೊಂಡ್ಕೊಂಡಿದ್ದಾರೆ ಅಂತ ಜನ ಆಡ್ಕೊಳ್ತಿದ್ದಾರೆ."

"ನೀನು ನಂಬ್ತೀಯಾ?"

ಅವಳು ನಲ್ಲಿ ನಿಲ್ಲಿಸಿದಳು. "ನಂಬೋ ಹಾಗಿದ್ರೆ ಚೆನ್ನಾಗಿತ್ತು. ನಿಮಗೆ ಬೈದು, ಬಾಗಿಲು ಹಾಕ್ಕೊಂಡು, ಒಂದು ದಿನ ಅತ್ತು, ಸುಮ್ನಾಗ್ತಿದ್ದೆ. ಈಗ ಯಾರಿಗೆ ಬೈಲಿ ಹೇಳಿ? ನೀವೂ ನಿಜಾನೇ ಹೇಳಿದ್ರಿ. ಅವನೂ ನಿಮ್ಮನ್ನ ನಂಬಿದ ಅಷ್ಟೇ. ಹಾಳಾದ್ದು ಒಂದು ತಪ್ಪಾದ್ರೂ ಇರ್ಬಾರ್ದಿತ್ತಾ?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬುತ್ತಿಯ ಡಬ್ಬಿಯನ್ನು ಅವನ ಮುಂದಿಟ್ಟಳು. "ಇವತ್ತು ನೀವೇ ತಗೊಂಡು ಹೋಗಿ."

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಡಬ್ಬಿ ಅವನ ಕೈಯಲ್ಲಿದೆ, ಬಿಸಿಯಿದೆ, ಅವನು ಹೊರಟುಬಿಟ್ಟ. ನಾನು ಹಿಂದೆ ಹೋಗಲೇಬೇಕಾಯಿತು.

೧೦

ಭಾಮೈದನ ಮನೆ ಮಹಡಿಯ ಮೇಲೆ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ತಿರುವಿನಲ್ಲಿ ಅಗಲವಾದ ಜಾಗವಿದೆ. ನೆಲದವರೆಗೂ ಇಳಿದ ಜಾಲರಿಯ ಕಿಟಕಿಯಿಂದ ಅಲ್ಲಿಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ಭಾಮೈದ ಅಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿದ್ದ. ಮಂಡಿಯ ಕೆಳಗೆ ಸುತ್ತಿಟ್ಟ ಟವೆಲ್. ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತ ಕಾಲನ್ನು ನಿಧಾನವಾಗಿ ಮಡಚುವ ವ್ಯಾಯಾಮ ಮಾಡುತ್ತಿದ್ದ.

"ಅಕ್ಕ ಬರ್ಲಿಲ್ವಾ?"

"ನಾನೇ ಬಂದೆ."

"ಕೂತ್ಕೊಳ್ಳಿ ಭಾವ."

ಕೀಪರ್ ಡಬ್ಬಿಯನ್ನು ಪಕ್ಕಕ್ಕಿಟ್ಟು ಕುಳಿತ. "ಎಷ್ಟು ಮಡಚುತ್ತೆ?"

"ಇಷ್ಟು." ತೋರಿಸಿದ. ಹೆಚ್ಚೇನೂ ಇರಲಿಲ್ಲ. "ನಿನ್ನೆಗಿಂತ ಪರವಾಗಿಲ್ಲ. ಆ ಹುಡುಗಿ ಬರ್ತಾಳಲ್ಲ ವ್ಯಾಯಾಮ ಮಾಡಿಸೋಕೆ, ರಾಕ್ಷಸಿ. ನಾನು ಅಯ್ಯೋ ಅಂದ್ರೆ ಅವಳು ಹಾಡು ಹೇಳ್ತಾಳೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಕೀಪರ್ ಕೈ ಚಾಚಿ ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದ, ಭಾರ ಕಡಿಮೆಯಾಗಲೆಂದು. ಕಾಲು ಮತ್ತೆ ನಿಧಾನವಾಗಿ ಮಡಚತೊಡಗಿತು.

"ಭಾವ, ಒಂದು ಕೇಳ್ಲಾ?"

"ಕೇಳು."

"ಮೈದಾನದ ವಿಷಯ. ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ಸತ್ಯ. ಆ ಸತ್ಯವನ್ನು ಹೇಳಿದರೆ ಭಾಮೈದ ಅದನ್ನೂ ನಂಬುತ್ತಾನೆ. ನಂಬಿದ ಮೇಲೆ ಅವನ ಪಾಲಿಗೆ ಏನು ಉಳಿಯುತ್ತದೆ? ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ತಾನೇ ಎಂಬುದು ಉಳಿಯುತ್ತದೆ. ಚಿಲ್ಲರೆಯನ್ನು ಕೂರಿಸಿ ಕೀಪರನನ್ನು ಕಳುಹಿಸಿದ್ದೂ ತಾನೇ ಎಂಬುದು ಉಳಿಯುತ್ತದೆ. ಗೋಡೆ ನೋಡುತ್ತ ಮಲಗಿದಾಗಲೆಲ್ಲ ಅವನು ಬೈದುಕೊಳ್ಳುವುದು ತನ್ನನ್ನೇ. ಗೊತ್ತಿತ್ತು ಎಂದರೆ? ಅದು ಸುಳ್ಳು. ಆದರೆ ಆಗ ಭಾಮೈದ ಮೋಸಹೋದವನಾಗುತ್ತಾನೆ, ಅಷ್ಟೇ. ಮೋಸಹೋದವನು ಇನ್ನೊಬ್ಬನ ಮೇಲೆ ಉರಿದು, ಶಾಪ ಹಾಕಿ, ಆ ಸಿಟ್ಟಿನಲ್ಲೇ ಎದ್ದು ನಡೆಯಬಹುದು. ಅದಕ್ಕೆ ತೆರಬೇಕಾದ ಬೆಲೆ ಒಬ್ಬ ಭಾವ. ಒಬ್ಬ ಅಕ್ಕನ ಗಂಡ. ಅಡುಗೆಮನೆಯಲ್ಲಿರುವ ಆ ಅಕ್ಕನೂ ಆ ಬೆಲೆಯಲ್ಲಿ ಸೇರಿರಬಹುದು.

ಕೀಪರ್ ಸುಳ್ಳು ಹೇಳುವವನಲ್ಲ ಎಂದು ನಾನು ಬರೆದಿದ್ದೆ. ಬರೆಯುವಾಗ ಅದು ಅವನ ಗುಣವೆಂದುಕೊಂಡಿದ್ದೆ, ನಾನು ಅವನ ಮೇಲೆ ಹೊರಿಸಿದ ಕಟ್ಟಳೆಯೆಂದಲ್ಲ. ಈಗ ಅವನು ತಲೆಯೆತ್ತಿ, ನಾನು ನಿಂತಿದ್ದ ಕೆಳಗಿನ ಮೆಟ್ಟಿಲ ಕಡೆ ನೋಡಿದ.

"ನೀವು ಸ್ವಲ್ಪ ಹೊರಗೆ ಇರ್ತೀರಾ?" ಎಂದ.

"ಯಾರ ಹತ್ರ ಮಾತಾಡ್ತಿದೀರ ಭಾವ?" ಎಂದ ಭಾಮೈದ.

ನಾನು ಇಳಿದು ಬೀದಿಗೆ ಬಂದೆ. ನಿಮ್ಮನ್ನೂ ಕರೆದುಕೊಂಡೇ ಇಳಿದೆ. ಕ್ಷಮಿಸಿ, ಒಬ್ಬರನ್ನು ಒಳಗೆ ಬಿಟ್ಟು, ಕೇಳಿದ್ದನ್ನು ಹೊರಗೆ ಬಂದು ಹೇಳಿ ಎನ್ನುವ ಏರ್ಪಾಡಿನಲ್ಲಿ ನನಗೀಗ ವಿಶ್ವಾಸವಿಲ್ಲ. ಎದುರು ಮನೆಯ ಕಟ್ಟೆಯ ಬಳಿ ನಿಂತರೆ ತಿರುವಿನ ಜಾಲರಿ ಕಿಟಕಿ ಕಾಣುತ್ತದೆ. ಮುಖಗಳು ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಬಿಸಿಲಿನಲ್ಲಿ ಒಂದು ಕಾಲು, ಅದರ ಹಿಮ್ಮಡಿಯ ಕೆಳಗೆ ಒಂದು ಅಂಗೈ, ಇಷ್ಟು ಮಾತ್ರ ಕಾಣುತ್ತದೆ.

ಮಡಚುತ್ತಿದ್ದ ಕಾಲು ಅರ್ಧಕ್ಕೆ ನಿಂತಿತು.

ಅಂಗೈ ಹಾಗೆಯೇ ಇತ್ತು.